ಬಿಟ್ಟ ಮೀನಿನ ಲೆಕ್ಕ

ಬೇಸಿಗೆಯಲ್ಲಿ ಹೊಲದ ಬಾವಿಗೆ ಹಾರಿ ಈಜಿದವರಿಗೆ ಇದು ಗೊತ್ತಿರುತ್ತದೆ. ಮೇಲಿನ ನೀರು ಬೆಚ್ಚಗಿರುತ್ತದೆ. ಸ್ವಲ್ಪ ಕೆಳಗೆ ಮುಳುಗಿದರೆ ಕಾಲಿಗೆ ಒಮ್ಮೆಲೇ ಕೊರೆಯುವ ತಂಪು ಹತ್ತುತ್ತದೆ. ನೀರು ಮೆಲ್ಲಮೆಲ್ಲಗೆ ತಣ್ಣಗಾಗುವುದಿಲ್ಲ, ಒಂದು ಗೆರೆ ದಾಟಿದ ಹಾಗೆ ಬದಲಾಗುತ್ತದೆ. ಬೀದರ್ ಕಡೆಯ ಹುಡುಗರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅಮೆರಿಕದ ಮಿಶಿಗನ್ ಸರೋವರದಲ್ಲಿ ಸಾಲ್ಮನ್ ಎಂಬ ಮೀನು ಹಿಡಿಯಲು ಹೋಗುವವರು ದಿನವಿಡೀ ಹುಡುಕುವುದೂ ಇದೇ ಗೆರೆಯನ್ನು.

ನನ್ನ ಅಕ್ಕ ಆ ಸರೋವರದ ಹತ್ತಿರದ ಗ್ರ್ಯಾಂಡ್ ರಾಪಿಡ್ಸ್‌ನಲ್ಲಿದ್ದಾಳೆ. ಭಾವ ಭಾಲ್ಕಿಯವರು. ಕಾರಂಜಾ ಜಲಾಶಯದ ದಂಡೆಯಲ್ಲಿ ಗಾಳ ಹಾಕಿ ಬೆಳೆದವರು. ಅಲ್ಲಿಗೆ ಹೋದ ಮೇಲೂ ಮೀನಿನ ಹುಚ್ಚು ಬಿಟ್ಟಿಲ್ಲ. ಒಂದು ಆಗಸ್ಟ್‌ನಲ್ಲಿ ನಾನು ಅವರ ಮನೆಗೆ ಹೋಗಿದ್ದಾಗ, ಲಡಿಂಗ್ಟನ್ ಎಂಬ ಊರಿನಿಂದ ಗೆಳೆಯರ ದೋಣಿಯಲ್ಲಿ ನನ್ನನ್ನೂ ಕರೆದುಕೊಂಡು ಹೋದರು. ಬೆಳಕು ಹರಿಯುವ ಮೊದಲೇ ಹೊರಟೆವು. ದಡ ಕಾಣದಷ್ಟು ದೂರ ಹೋದೆವು.

ಆ ಸರೋವರ ಎಷ್ಟು ದೊಡ್ಡದು ಅಂತ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಸುಮಾರು 58,000 ಚದರ ಕಿಲೋಮೀಟರ್. ಬೀದರ್, ಕಲಬುರಗಿ, ಯಾದಗಿರಿ ಮೂರೂ ಜಿಲ್ಲೆ ಸೇರಿಸಿದರೆ ಸುಮಾರು 22,000 ಆಗುತ್ತದೆ. ಅಂದರೆ ನಮ್ಮ ಮೂರು ಜಿಲ್ಲೆಗಳ ಎರಡೂವರೆ ಪಟ್ಟಿಗಿಂತ ಜಾಸ್ತಿ ಜಾಗದಲ್ಲಿ ಬರೀ ನೀರು, ಅದೂ ಸಿಹಿನೀರು. ಅತಿ ಆಳದ ಜಾಗದಲ್ಲಿ 281 ಮೀಟರ್ ಇದೆ. ಇಂಥ ನೀರಿನಲ್ಲಿ ಒಂದು ಕಡೆ ಗಾಳ ಇಳಿಬಿಟ್ಟು ಕೂತರೆ ಮೀನು ಸಿಗುವುದಿಲ್ಲ. ಮೀನಿದ್ದಲ್ಲಿಗೆ ನಾವೇ ಹೋಗಬೇಕು. ಅದಕ್ಕೇ ಟ್ರೋಲಿಂಗ್. ದೋಣಿಯನ್ನು ನಿಲ್ಲಿಸದೆ, ನಡೆಯುವ ವೇಗದಲ್ಲಿ, ಗಂಟೆಗೆ ನಾಲ್ಕು ಕಿಲೋಮೀಟರ್ ಆಸುಪಾಸಿನಲ್ಲಿ ಓಡಿಸುತ್ತಾ ಹಿಂದೆ ಹಲವು ದಾರಗಳನ್ನು ಎಳೆದುಕೊಂಡು ಹೋಗುವುದು.

ಎಲ್ಲ ದಾರಗಳೂ ಒಂದೇ ಆಳದಲ್ಲಿ ಇರುವುದಿಲ್ಲ. ದೋಣಿಯ ಹಿಂಭಾಗದಲ್ಲಿ ಡೌನ್‌ರಿಗ್ಗರ್ ಅಂತ ಒಂದು ಸಾಧನ ಇರುತ್ತದೆ. ತಂತಿಯ ತುದಿಗೆ ಐದಾರು ಕಿಲೋ ತೂಕದ ಗುಂಡು. ಆ ಗುಂಡಿನ ಹತ್ತಿರ ಒಂದು ಕ್ಲಿಪ್ಪು, ಕ್ಲಿಪ್ಪಿಗೆ ಗಾಳದ ದಾರ. ಗುಂಡನ್ನು ಎಷ್ಟು ಅಡಿ ಇಳಿಸುತ್ತೇವೋ ದಾರವೂ ಅಷ್ಟೇ ಕೆಳಗೆ ಹೋಗುತ್ತದೆ. ಮೀನು ಕಚ್ಚಿ ಎಳೆದಾಗ ದಾರ ಕ್ಲಿಪ್ಪಿನಿಂದ ಬಿಟ್ಟುಕೊಳ್ಳುತ್ತದೆ. ಆಮೇಲೆ ಗುಂಡಿನ ಭಾರ ಇಲ್ಲ, ಮೀನು ಮತ್ತು ರಾಡ್, ಅಂದರೆ ಗಾಳದ ಕೋಲು, ಹಿಡಿದವರು ಮಾತ್ರ. ಇನ್ನು ಕೆಲವು ದಾರಗಳಿಗೆ ಪ್ಲೇನರ್ ಬೋರ್ಡ್ ಎಂಬ ತೇಲುವ ಹಲಗೆ ಕಟ್ಟುತ್ತಾರೆ. ಅದು ನೀರಿನ ಒತ್ತಡಕ್ಕೆ ಪಕ್ಕಕ್ಕೆ ಸರಿಯುತ್ತಾ ದಾರವನ್ನು ದೋಣಿಯಿಂದ ದೂರ ಒಯ್ಯುತ್ತದೆ. ಹೀಗೆ ಎಡಕ್ಕೆ, ಬಲಕ್ಕೆ, ಮೇಲೆ, ಕೆಳಗೆ ಹರಡಿದ ದಾರಗಳು ಒಂದಕ್ಕೊಂದು ತೊಡಕಾಗದೆ ಸಾಗುತ್ತವೆ. ಒಳಗೆ ಸೀಸ ತುಂಬಿದ ದಾರವೂ ಉಂಟು. ಹತ್ತು ಗಜಕ್ಕೊಂದು ಬಣ್ಣ. ಎಷ್ಟು ಬಣ್ಣ ಬಿಟ್ಟಿದ್ದೀರಿ ಎಂದು ಎಣಿಸಿದರೆ ಎಷ್ಟು ದಾರ ಹೊರಗಿದೆ ಅಂತ ತಿಳಿಯುತ್ತದೆ.

ತುದಿಯಲ್ಲಿ ಎರೆಹುಳ ಇಲ್ಲ, ಹಿಟ್ಟಿನ ಉಂಡೆ ಇಲ್ಲ. ಎಲೆಯಾಕಾರದ ತೆಳು ಲೋಹದ ತುಂಡು, ಸ್ಪೂನ್ ಅನ್ನುತ್ತಾರೆ. ಸರಿಯಾದ ವೇಗದಲ್ಲಿ ಎಳೆದರೆ ಅದು ಗಾಯಗೊಂಡ ಸಣ್ಣ ಮೀನಿನಂತೆ ಹೊರಳುತ್ತದೆ. ನಿಧಾನವಾದರೆ ಸತ್ತಂತೆ ಬೀಳುತ್ತದೆ, ಜೋರಾದರೆ ಗಿರಗಿರ ತಿರುಗುತ್ತದೆ. ಇನ್ನೊಂದು ತೊಡಕು ಏನೆಂದರೆ, ಮೇಲಿನ ನೀರು ಒಂದು ಕಡೆ ಹರಿಯುತ್ತಿದ್ದರೆ ಆಳದ ನೀರು ಇನ್ನೊಂದು ಕಡೆ ಹರಿಯುತ್ತಿರಬಹುದು. ದೋಣಿಯ ವೇಗ ಸರಿ ಇದ್ದರೂ ಕೆಳಗೆ ಸ್ಪೂನಿನ ವೇಗ ಬೇರೆಯೇ ಇರುತ್ತದೆ. ಹಾಗಾಗಿ ಗುಂಡಿನ ಹತ್ತಿರವೇ ವೇಗ ಮತ್ತು ಉಷ್ಣತೆ ಅಳೆಯುವ ಸಾಧನ ಕಟ್ಟುವವರೂ ಇದ್ದಾರೆ.

ಸಾಧನವಿಲ್ಲದೆಯೂ ತಿಳಿದುಕೊಳ್ಳುವ ದಾರಿ ಭಾವನಿಗೆ ಗೊತ್ತಿತ್ತು. ದೋಣಿ ನೆಟ್ಟಗೆ ಹೋಗಬಾರದು, ಆಗಾಗ ತಿರುಗಬೇಕು. ತಿರುಗುವಾಗ ಹೊರಸುತ್ತಿನ ದಾರಗಳು ಜೋರಾಗುತ್ತವೆ. ಒಳಸುತ್ತಿನವು ನಿಧಾನವಾಗಿ ಸ್ವಲ್ಪ ಕೆಳಗಿಳಿಯುತ್ತವೆ. ಮೀನು ಹೊರಗಿನದನ್ನು ಕಚ್ಚಿತೇ? ಹಾಗಾದರೆ ವೇಗ ಹೆಚ್ಚಿಸು. ಒಳಗಿನದನ್ನೇ? ಕಡಿಮೆ ಮಾಡು. ಮೀನಿಗೇ ಕೇಳಿ ತಿಳಿದುಕೊಳ್ಳುವ ಈ ರೀತಿ ನನಗೆ ತುಂಬಾ ಹಿಡಿಸಿತು.

ಬಣ್ಣದ ವಿಚಾರವೂ ಇದೆ. ನೀರಿನಲ್ಲಿ ಇಳಿದಂತೆ ಮೊದಲು ಮಾಯವಾಗುವುದು ಕೆಂಪು. ನೀಲಿ, ಹಸಿರು ಆಳದವರೆಗೂ ಉಳಿಯುತ್ತವೆ. ಇನ್ನೂ ಕತ್ತಲಿರುವಾಗ ಸ್ಪೂನಿಗೆ ಟಾರ್ಚ್ ಬೆಳಕು ಹಿಡಿದು ಹೊಳೆಯುವಂತೆ ಮಾಡಿ ಇಳಿಬಿಡುತ್ತಾರೆ.

ಆದರೆ ಎಲ್ಲಕ್ಕಿಂತ ಮುಖ್ಯ ತಂಪು. ಚಿನೂಕ್ ಸಾಲ್ಮನ್‌ಗೆ 10ರಿಂದ 13 ಡಿಗ್ರಿ ಸೆಲ್ಸಿಯಸ್ ನೀರು ಇಷ್ಟ. ಲೇಕ್ ಟ್ರೌಟ್ ಇನ್ನೂ ತಣ್ಣಗಿನ ಆಳಕ್ಕೆ ಹೋಗುತ್ತದೆ. ಸ್ಟೀಲ್‌ಹೆಡ್ ಟ್ರೌಟ್ ಬಹಳ ಸಲ ಮೇಲಿನ ನೀರಿನಲ್ಲೇ ಸಿಗುತ್ತದೆ. ಬೇಸಿಗೆಯಲ್ಲಿ ಬೆಚ್ಚಗಿನ ನೀರು ಹಗುರ, ಅದು ಮೇಲೆ ನಿಲ್ಲುತ್ತದೆ. ತಣ್ಣಗಿನದು ಭಾರ, ಕೆಳಗೆ ಉಳಿಯುತ್ತದೆ. ಎರಡರ ನಡುವಿನ ಆ ಗೆರೆಯ ಸುತ್ತಮುತ್ತ ಮೀನಿಗೆ ತಿನ್ನಲು ಸಿಗುವ ಸಣ್ಣ ಮೀನುಗಳೂ ಸೇರುತ್ತವೆ. ಗಾಳಿ ದಡದಿಂದ ಹೊರಗೆ ಬೀಸಿದರೆ ಮೇಲಿನ ಬೆಚ್ಚಗಿನ ನೀರು ಆಚೆ ತಳ್ಳಿಸಿಕೊಂಡು ಹೋಗುತ್ತದೆ, ಕೆಳಗಿನ ತಂಪು ದಡದ ಹತ್ತಿರವೇ ಮೇಲೆ ಬರುತ್ತದೆ. ಅದರ ಜೊತೆ ಸಾಲ್ಮನ್ ಕೂಡ. ನಿನ್ನೆ ಮೀನು ಸಿಕ್ಕ ಜಾಗದಲ್ಲಿ ಇವತ್ತು ಏನೂ ಇಲ್ಲದಿರಬಹುದು. ಅಲ್ಲಿಯವರು ಹಿಂದಿನ ರಾತ್ರಿ ಗಾಳಿ ಯಾವ ಕಡೆಗಿತ್ತು ಅಂತ ಮೊದಲು ಕೇಳಿಕೊಳ್ಳುತ್ತಾರೆ.

ಸೂರ್ಯ ಹುಟ್ಟುವ ಹೊತ್ತಿಗೆ ಒಂದು ರಾಡ್ ಸಟಕ್ಕನೆ ನೆಟ್ಟಗಾಗಿ ಮತ್ತೆ ಬಾಗಿತು. ದಾರ ಸರಸರ ಬಿಚ್ಚಿಕೊಳ್ಳುತ್ತಾ ಓಡಿತು. ಭಾವ ರಾಡನ್ನು ನನ್ನ ಕೈಗೆ ಕೊಟ್ಟರು. ಎಷ್ಟು ಹೊತ್ತು ಎಳೆದಾಡಿದೆನೋ ಗೊತ್ತಿಲ್ಲ, ಮೊಣಕೈ ಮರಗಟ್ಟಿತು. ಕೊನೆಗೆ ಬಲೆಬುಟ್ಟಿಗೆ ಬಂದದ್ದು ಬೆಳ್ಳಿಯಂತೆ ಹೊಳೆಯುವ ಚಿನೂಕ್. ಅಲ್ಲಿ ದೊಡ್ಡದಕ್ಕೆ ಮಿತಿಯೇ ಇಲ್ಲ. 2021ರಲ್ಲಿ ಅದೇ ಲಡಿಂಗ್ಟನ್ ಕಡೆ 47.86 ಪೌಂಡ್, ಅಂದರೆ 21 ಕಿಲೋ ಮೀರಿದ ಚಿನೂಕ್ ಸಿಕ್ಕು ಮಿಶಿಗನ್ ರಾಜ್ಯದ ದಾಖಲೆಯಾಯಿತು. ನಮ್ಮದು ಅದರ ಹತ್ತಿರಕ್ಕೂ ಇರಲಿಲ್ಲ, ಆದರೂ ನಾನು ಅಷ್ಟು ದೊಡ್ಡ ಮೀನನ್ನು ಅದಕ್ಕೂ ಮೊದಲು ಮುಟ್ಟಿರಲಿಲ್ಲ.

ಎಲ್ಲರೂ ಮೀನಿನ ಗಾತ್ರ ನೋಡುತ್ತಿದ್ದರೆ, ಭಾವ ಅದರ ಬೆನ್ನು ನೋಡಿದರು. ಬಾಲದ ಹತ್ತಿರ ಸಾಲ್ಮನ್‌ಗೆ ಒಂದು ಪುಟ್ಟ ಮೆತ್ತಗಿನ ರೆಕ್ಕೆ ಇರುತ್ತದೆ. ಈ ಮೀನಿಗೆ ಅದು ಇರಲಿಲ್ಲ. "ನೋಡು, ಇದು ಬಿಟ್ಟಿದ್ದ ಮೀನು" ಅಂದರು. ಮರಿಕೇಂದ್ರದಲ್ಲಿ ಬೆಳೆಸಿ ಬಿಡುವಾಗ ಆ ರೆಕ್ಕೆಯನ್ನು ಕತ್ತರಿಸುತ್ತಾರೆ, ಮೂಗಿನೊಳಗೆ ಸುಮಾರು ಒಂದು ಮಿಲಿಮೀಟರ್ ಉದ್ದದ ಲೋಹದ ತುಣುಕು ಸೇರಿಸುತ್ತಾರೆ. ಅದರ ಮೇಲಿನ ಗುರುತು ಓದಿದರೆ ಯಾವಾಗ, ಎಲ್ಲಿ ಬಿಟ್ಟ ಮರಿ ಅಂತ ಗೊತ್ತಾಗುತ್ತದೆ. ದಡಕ್ಕೆ ಬಂದ ಮೇಲೆ ಭಾವ ಮೀನಿನ ತಲೆ ಕತ್ತರಿಸಿ ಚೀಲಕ್ಕೆ ಹಾಕಿದರು. ಎಲ್ಲಿ ಸಿಕ್ಕಿತು, ಯಾವತ್ತು, ಎಷ್ಟು ಉದ್ದ ಅಂತ ಚೀಟಿಯಲ್ಲಿ ಬರೆದರು. ಇಂಥ ತಲೆಗಳನ್ನು ಸಂಗ್ರಹಿಸುವ ಫ್ರೀಜರಿಗೆ ಹಾಕಿ ಬಂದರು. ಯಾರೂ ಒತ್ತಾಯ ಮಾಡಿರಲಿಲ್ಲ. ಅಂದಿನಿಂದ ನನ್ನ ತಲೆಯಲ್ಲಿ ಉಳಿದಿರುವುದು ಆ ಚೀಟಿ.

ಸಾಲ್ಮನ್ ಆ ಸರೋವರದ್ದಲ್ಲ. ಚಿನೂಕ್, ಕೋಹೋ ಎರಡೂ ಪೆಸಿಫಿಕ್ ಸಾಗರದ ಮೀನು. ಅಲ್ಲಿ ಮೂಲತಃ ಇದ್ದದ್ದು ಲೇಕ್ ಟ್ರೌಟ್. ಅದು ಹಾಳಾದ ಕತೆ ಹಡಗಿನ ದಾರಿಯಿಂದ ಶುರುವಾಗುತ್ತದೆ. ಒಂದಕ್ಕೊಂದು ಸೇರಿಕೊಂಡಿರುವ ಅಲ್ಲಿಯ ದೊಡ್ಡ ಸರೋವರಗಳಿಗೆ ಕಡಲಿನಿಂದ ಬರುವ ದಾರಿಯಲ್ಲಿ ನಯಾಗರಾ ಜಲಪಾತ ಇದೆ, ಅದು ಕೆಳಗಿನ ಮೀನುಗಳನ್ನು ಮೇಲಕ್ಕೆ ಬಿಡುತ್ತಿರಲಿಲ್ಲ. ಅದನ್ನು ಬಳಸಿಕೊಂಡು ಹೋಗಲು ವೆಲ್ಯಾಂಡ್ ಕಾಲುವೆ ತೋಡಿದರು. ಆ ದಾರಿಯಲ್ಲಿ ಹಡಗುಗಳ ಜೊತೆ ಸೀ ಲ್ಯಾಂಪ್ರಿ ಕೂಡ ಹತ್ತಿ ಬಂತು. ಹಾವಿನಂಥ ಮೈ, ದವಡೆ ಇಲ್ಲದ ದುಂಡು ಬಾಯಿ, ತುಂಬಾ ಹಲ್ಲು. ಮೀನಿಗೆ ಅಂಟಿಕೊಂಡು ರಕ್ತ ಹೀರುತ್ತದೆ. 1921ರಲ್ಲಿ ಈರಿ ಸರೋವರದಲ್ಲಿ ಕಾಣಿಸಿತು, 1936ರಲ್ಲಿ ಮಿಶಿಗನ್ ಸರೋವರದಲ್ಲಿ. 1950ರ ದಶಕದ ಹೊತ್ತಿಗೆ ಮಿಶಿಗನ್ ಸರೋವರದ ಲೇಕ್ ಟ್ರೌಟ್ ಮುಗಿದುಹೋಯಿತು. ಜಾಸ್ತಿ ಹಿಡಿದದ್ದೂ ಅದಕ್ಕೆ ಕಾರಣ.

ದೊಡ್ಡ ಮೀನು ಹೋದ ಮೇಲೆ ಸಣ್ಣ ಮೀನಿಗೆ ಹೇಳುವವರು ಕೇಳುವವರು ಇರಲಿಲ್ಲ. ಅದೇ ಕಾಲುವೆ ದಾಟಿ ಬಂದ ಏಲ್‌ವೈಫ್ ಎಂಬ ಕಡಲಿನ ಸಣ್ಣ ಮೀನು ಸರೋವರ ತುಂಬಿತು. 1967ರ ಬೇಸಿಗೆಯಲ್ಲಿ ಅವು ರಾಶಿರಾಶಿಯಾಗಿ ಸತ್ತು ದಡಕ್ಕೆ ಬಿದ್ದವು. ಶಿಕಾಗೋದ ಕಡೆ ಮರಳ ದಂಡೆಯಿಂದ ಸತ್ತ ಮೀನನ್ನು ಯಂತ್ರಗಳಿಂದ ಬಳಿದು ತೆಗೆಯಬೇಕಾಯಿತು.

ಅಷ್ಟರಲ್ಲಿ ಮಿಶಿಗನ್ ರಾಜ್ಯದ ಮೀನುಗಾರಿಕೆ ಮುಖ್ಯಸ್ಥ ಹೊವರ್ಡ್ ಟ್ಯಾನರ್ ಮತ್ತು ಅವರ ಜೊತೆಗಾರ ವೇಯ್ನ್ ಟೋಡಿ ಒಂದು ನಿರ್ಧಾರ ಮಾಡಿದ್ದರು. ಏಲ್‌ವೈಫ್ ತಿನ್ನುವ ಬಾಯಿಗಳನ್ನು ತಂದು ಬಿಡೋಣ ಅಂತ. ಒರೆಗಾನ್ ರಾಜ್ಯದಿಂದ ಸುಮಾರು ಹತ್ತು ಲಕ್ಷ ಕೋಹೋ ಮೊಟ್ಟೆ ಬಂತು. 1966ರ ವಸಂತದಲ್ಲಿ ಪ್ಲ್ಯಾಟ್ ನದಿಯಲ್ಲಿ ಮೊದಲ ಮರಿಗಳನ್ನು ಬಿಟ್ಟರು. ಮಾರನೆಯ ವರ್ಷ ಚಿನೂಕ್. ಲ್ಯಾಂಪ್ರಿಯ ಮರಿಗಳನ್ನು ಕೊಲ್ಲುವ ಔಷಧಿಯನ್ನು ಆಗಲೇ ಹೊಳೆಗಳಲ್ಲಿ ಬಳಸುತ್ತಿದ್ದರು. ಹಾಗಾಗಿ ಬಿಟ್ಟ ಮೀನು ಉಳಿಯಿತು. ತಿನ್ನಲು ಏಲ್‌ವೈಫ್ ಬೇಕಾದಷ್ಟಿತ್ತು. ಒಂದೇ ವರ್ಷದಲ್ಲಿ ಕೋಹೋ ಕಿಲೋಗಟ್ಟಲೆ ತೂಕಕ್ಕೆ ಬೆಳೆಯಿತು.

1967ರ ಶರತ್ಕಾಲದಲ್ಲಿ ಜನ ಮುಗಿಬಿದ್ದರು. ಕೆರೆಕುಂಟೆಗೆ ತಕ್ಕ ಸಣ್ಣ ದೋಣಿಗಳನ್ನೂ ಆ ದೊಡ್ಡ ನೀರಿಗೆ ಇಳಿಸಿದರು. ಸೆಪ್ಟೆಂಬರ್ 23ರಂದು ಪ್ಲ್ಯಾಟ್ ಕೊಲ್ಲಿಯಲ್ಲಿ ಬಿರುಗಾಳಿ ಎದ್ದು ಏಳು ಮಂದಿ ಸತ್ತರು. ಆ ದಿನದ ಬಗ್ಗೆ ಭಾವ ಹೇಳುವಾಗ ದನಿ ಬದಲಾಗುತ್ತದೆ. ಹವಾಮಾನ ನೋಡದೆ ಅವರು ಯಾವತ್ತೂ ದೋಣಿ ಬಿಚ್ಚುವುದಿಲ್ಲ.

ಬಿಟ್ಟದ್ದು ಸಾಲದು, ಇನ್ನೂ ಬಿಡಿ ಅಂತ ಆಮೇಲೆ ಒತ್ತಾಯ ಬಂತು. ಬಿಟ್ಟರು. ಲಕ್ಷಗಟ್ಟಲೆ ಮರಿ. 1980ರ ದಶಕದ ಕೊನೆಯಲ್ಲಿ ಚಿನೂಕ್‌ಗೆ ಮೂತ್ರಪಿಂಡದ ರೋಗ ಬಂದು ಅಪಾರ ಸಾವಾಯಿತು. ಇದಾದ ಮೇಲೆ ಹಡಗುಗಳ ಹೊಟ್ಟೆಯ ನೀರಿನಲ್ಲಿ ಬಂದ ಜೀಬ್ರಾ, ಕ್ವಾಗಾ ಎಂಬ ಚಿಪ್ಪುಜೀವಿಗಳು ತಳ ತುಂಬ ಹರಡಿ, ಸಣ್ಣ ಮೀನಿನ ಆಹಾರವನ್ನು ಸೋಸಿ ತಿಂದವು. ನೀರು ತಿಳಿಯಾಯಿತು. ನೋಡಲು ಚಂದ, ಆದರೆ ತಿಳಿನೀರು ಅಂದರೆ ಮೇವಿಲ್ಲದ ನೀರು. ಪಕ್ಕದ ಹ್ಯೂರಾನ್ ಸರೋವರದಲ್ಲಿ 2003–04ರ ಸುಮಾರಿಗೆ ಏಲ್‌ವೈಫ್ ಕುಸಿಯಿತು. ಅದರ ಹಿಂದೆಯೇ ಚಿನೂಕ್ ಕೂಡ ಹೋಯಿತು. ದೋಣಿ ಬಾಡಿಗೆಗೆ ಬಿಡುವವರು, ಗಾಳದ ಅಂಗಡಿಯವರು, ದಂಡೆಯ ಊರುಗಳ ಖಾನಾವಳಿಗಳು, ಎಲ್ಲರಿಗೂ ಪೆಟ್ಟು ಬಿತ್ತು.

ಮಿಶಿಗನ್ ಸರೋವರದವರು ಅದನ್ನು ಕಣ್ಣಾರೆ ಕಂಡರು. ಅಲ್ಲಿ ಗುರುತು ಹಾಕಿ ಬಿಟ್ಟ ಮೀನು ಎಷ್ಟು, ಗುರುತಿಲ್ಲದ್ದು ಎಷ್ಟು ಅಂತ ಎಣಿಸಿದಾಗ ಒಂದು ಹೊಸ ವಿಷಯ ತಿಳಿಯಿತು. ಅರ್ಧಕ್ಕೂ ಜಾಸ್ತಿ ಚಿನೂಕ್ ಯಾರೂ ಬಿಟ್ಟದ್ದಲ್ಲ. ಅಲ್ಲಿಯ ನದಿಗಳಲ್ಲೇ ಹುಟ್ಟಿದ್ದವು. ಅಂದರೆ ಅಂದುಕೊಂಡದ್ದಕ್ಕಿಂತ ಹೆಚ್ಚು ಬಾಯಿಗಳು ನೀರಿನಲ್ಲಿವೆ, ತಿನ್ನುವುದು ಕಡಿಮೆ ಇದೆ. ಮೀನುಗಾರರ ಜೊತೆ ಸಭೆಗಳಾದವು. 2013ರಲ್ಲಿ ಬಿಡುವ ಚಿನೂಕ್ ಮರಿಗಳನ್ನು ಸುಮಾರು ಅರ್ಧಕ್ಕೆ ಇಳಿಸಿದರು.

ಇದನ್ನು ಭಾವ ದೋಣಿ ತೊಳೆಯುತ್ತಾ ಸಹಜವಾಗಿ ಹೇಳಿದರು. ನನಗೆ ಮಾತ್ರ ಇದು ಆ ಇಡೀ ಸಾಲ್ಮನ್ ಕತೆಯಲ್ಲಿ ಎಲ್ಲಕ್ಕಿಂತ ದೊಡ್ಡ ಸಂಗತಿ ಅನಿಸುತ್ತದೆ. 1966ರ ಧೈರ್ಯಕ್ಕಿಂತ 2013ರ ಧೈರ್ಯ ದೊಡ್ಡದು. ಮೀನು ಹಿಡಿಯುವುದನ್ನೇ ಪ್ರಾಣ ಅಂದುಕೊಂಡವರ ಮುಂದೆ ನಿಂತು "ಇನ್ನು ಕಡಿಮೆ ಬಿಡುತ್ತೇವೆ" ಅನ್ನುವುದು ಸುಲಭವಲ್ಲ. ಕೈಯಲ್ಲಿ ಲೆಕ್ಕ ಇದ್ದದ್ದರಿಂದ ಅನ್ನಲು ಬಂತು. ಅಂಥ ಲೆಕ್ಕ ಬರುವುದು ಫ್ರೀಜರಿನೊಳಗಿನ ತಲೆಗಳಿಂದ, ಭಾವನಂಥವರು ಬರೆಯುವ ಚೀಟಿಗಳಿಂದ.

ಈಗ ನಮ್ಮ ಕಾರಂಜಾ. ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿ ಹತ್ತಿರ ಕಾರಂಜಾ ನದಿಗೆ ಕಟ್ಟಿದ ಜಲಾಶಯ. 7.69 ಟಿಎಂಸಿ ಅಡಿ ಸಾಮರ್ಥ್ಯ. ಈ ನದಿ ಮಾಂಜ್ರಾಕ್ಕೆ ಸೇರಿ, ಮಾಂಜ್ರಾ ಗೋದಾವರಿಗೆ ಸೇರುತ್ತದೆ. ಇಲ್ಲಿ ಸಾಲ್ಮನ್ ಬದುಕುವುದಿಲ್ಲ, ಬದುಕಬೇಕಾಗಿಯೂ ಇಲ್ಲ. ನಮ್ಮ ಬಿಸಿಲಿಗೆ ಕಾಯ್ದ ನೀರು ಅದಕ್ಕೆ ಸಾವು. ಆದರೆ ಇಲ್ಲಿಯ ಬಲೆಗೆ ಬೀಳುವ ರೋಹು, ಮೃಗಾಲ್ ಕೂಡ ಬಹುಪಾಲು ಬಿಟ್ಟ ಮೀನೇ, ಅಲ್ವಾ? ಗಂಗೆಯ ಕಡೆಯ ಈ ಮೀನುಗಳು ಮಳೆಗಾಲದಲ್ಲಿ ಹರಿಯುವ ಹೊಳೆಯಲ್ಲಿ ಮೊಟ್ಟೆಯಿಡುತ್ತವೆ. ನಿಂತ ನೀರಿನ ಕೆರೆಕಟ್ಟೆಗಳಲ್ಲಿ ತಾವಾಗಿ ಇಡುವುದಿಲ್ಲ. ಮೊದಲು ಹೊಳೆಯಿಂದಲೇ ಮರಿ ಹಿಡಿದು ತರಬೇಕಿತ್ತು. 1957ರ ಜುಲೈ 10ರಂದು ಒಡಿಶಾದಲ್ಲಿ ಮೀನು ವಿಜ್ಞಾನಿ ಹೀರಾಲಾಲ್ ಚೌಧರಿ ಅವರು ಮೀನಿನ ಪಿಟ್ಯುಟರಿ ಗ್ರಂಥಿಯ ರಸ ಚುಚ್ಚಿ ಕೊಳದಲ್ಲೇ ಮೊಟ್ಟೆ ಇಡಿಸಿದರು. ದೇಶದಲ್ಲಿ ಆ ದಿನವನ್ನು ಮೀನು ಕೃಷಿಕರ ದಿನ ಎಂದು ಆಚರಿಸುತ್ತಾರೆ. ಊರೂರಿನ ಕೆರೆಗೆ ಮೀನುಮರಿ ಬಿತ್ತನೆ ಸಾಧ್ಯವಾದದ್ದು ಆ ಚುಚ್ಚುಮದ್ದಿನಿಂದ. ಮಿಶಿಗನ್‌ಗೆ ಟ್ಯಾನರ್ ಹೇಗೋ ನಮಗೆ ಚೌಧರಿ ಹಾಗೆ. ನಮ್ಮ ಶಾಲೆಯ ಪಾಠಗಳಲ್ಲಿ ಅವರ ಹೆಸರು ಇರಬೇಕಿತ್ತು ಅಂತ ನನಗೆ ಯಾವಾಗಲೂ ಅನಿಸುತ್ತದೆ.

ಏಲ್‌ವೈಫ್‌ನಂಥ ಕತೆಯೂ ನಮ್ಮಲ್ಲಿದೆ. ಆಫ್ರಿಕಾ ಮೂಲದ ತಿಲಾಪಿಯಾ 1952ರಲ್ಲಿ ಭಾರತಕ್ಕೆ ಬಂತು. ಜಿಲೇಬಿ ಮೀನು ಅಂತ ಕರೆಯುತ್ತೇವೆ. ಬೇಗ ಬೇಗ ಮರಿ ಹಾಕುತ್ತದೆ, ಬಾಯೊಳಗೇ ಮರಿ ಕಾಯುತ್ತದೆ. ಎಷ್ಟೋ ಕೆರೆಗಳಲ್ಲಿ ಬೇರೆ ಮೀನಿಗೆ ಜಾಗವಿಲ್ಲದಂತೆ ಮಾಡಿದೆ.

ಊರಿಗೆ ಬಂದ ಮೇಲೆ ಕಾರಂಜಾ ದಂಡೆಯಲ್ಲಿ ಒಬ್ಬ ಹಿರಿಯ ಮೀನುಗಾರರ ಹತ್ತಿರ ಇದನ್ನೆಲ್ಲ ಹೇಳುತ್ತಾ ಕೂತೆ. ಅವರು ಬಲೆ ಬಿಡಿಸುತ್ತಿದ್ದರು. ಓಡುವ ದೋಣಿಯಿಂದ ಮೀನು ಹಿಡಿಯುವುದು ಕೇಳಿ ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ.

"ಮೀನ್ ತಂಪ್ ಹುಡುಕ್ತದ ತಮ್ಮಾ. ಇಲ್ಲೂ ಹಂಗೇ ಅದ. ಬ್ಯಾಸಿಗ್ಯಾಗ ಮಧ್ಯಾಹ್ನ ದಂಡಿಗಿ ಬರಂಗಿಲ್ಲ."

"ಮರಿ ಬಿಡ್ತಾರಲ್ಲ ಕಾಕಾ, ಅದ್ರಾಗ ಎಷ್ಟು ಬೆಳಿತಾವ?"

"ಬಿಟ್ಟು ಹೋಗ್ತಾರ. ಆಮ್ಯಾಗ ಎಷ್ಟು ಉಳದಾವ ಅಂತ ಯಾರೂ ಕೇಳಂಗಿಲ್ಲ. ಸಣ್ಣ ಮರಿ ಬಿಟ್ರ ಬ್ಯಾರೆ ಮೀನೇ ತಿಂದ್ ಹಾಕ್ತಾವ."

ಅನುಭವದಿಂದ ಅವರು ಹೇಳಿದ್ದನ್ನೇ ಮೀನು ವಿಜ್ಞಾನಿಗಳೂ ಹೇಳುತ್ತಾರೆ. ಜಲಾಶಯಕ್ಕೆ ಬಿಡುವ ಮರಿ ಹತ್ತು ಸೆಂಟಿಮೀಟರ್ ದಾಟಿರಬೇಕು, ಇಲ್ಲವಾದರೆ ಬಿತ್ತಿದ್ದು ಬೇರೆ ಮೀನಿನ ಹೊಟ್ಟೆಗೆ. ಸಣ್ಣ ಕಣ್ಣಿನ ಬಲೆಯ ಮಾತೂ ಬಂತು. ಬೆಳೆಯುವ ಮೊದಲೇ ಬಳಿದುಕೊಂಡು ಹೋಗುವ ಬಲೆಗಳವು. ಆ ಬಲೆ ಹಾಕುವವರನ್ನು ಕಾಕಾ ಬಯ್ಯಲಿಲ್ಲ. ಅವರ ಮನೆಯ ಪರಿಸ್ಥಿತಿ ಇವರಿಗೆ ಗೊತ್ತು. ಭಾವನಿಗೆ ಮೀನು ವಾರದ ರಜೆಯ ಖುಷಿ. ಇಲ್ಲಿ ಅದು ಹೊಟ್ಟೆಪಾಡು. ಹಾಗಿರುವಾಗ ಲೆಕ್ಕ ಇಲ್ಲಿ ಇನ್ನೂ ಜಾಸ್ತಿ ಬೇಕಲ್ಲವೇ? ಹ್ಯೂರಾನ್‌ನಲ್ಲಿ ಮೀನು ಹೋದಾಗ ಜನ ಬೇರೆ ಸರೋವರಕ್ಕೆ ದೋಣಿ ಎಳೆದುಕೊಂಡು ಹೋದರು. ಕಾರಂಜಾದಲ್ಲಿ ಮೀನು ಹೋದರೆ ಈ ಮಂದಿ ಹೈದರಾಬಾದ್ ಬಸ್ಸು ಹತ್ತಬೇಕು.

ಮೀನಿನ ತಲೆ ಕೊಟ್ಟು ಬರುವ ಸಂಗತಿ ಹೇಳಿದಾಗ ಮಾತ್ರ ಕಾಕಾ ಬಲೆ ಬಿಡಿಸುವುದು ನಿಲ್ಲಿಸಿದರು.

"ತಲಿ ಕೊಟ್ರ ಸಾರಿಗಿ ಏನ್ ಹಾಕಾದು? ತಲಿ ಕೊಡಂಗಿಲ್ಲ. ಉದ್ದ ಬೇಕಾದ್ರ ಅಳಕೊಂಡ್ ಹೋಗ್ರಿ, ತೂಕ ನಾವೇ ಹೇಳ್ತೀವಿ."

ಈಗ ನನ್ನ ಹತ್ತಿರ ಒಂದು ನೋಟ್‌ಬುಕ್ ಇದೆ. ಭಾನುವಾರ ಬೆಳಿಗ್ಗೆ ಬಲೆ ದಂಡೆಗೆ ಬರುವ ಹೊತ್ತಿಗೆ ಹೋಗುತ್ತೇನೆ. ಯಾವ ಮೀನು, ಎಷ್ಟು ಉದ್ದ, ಎಷ್ಟು ತೂಕ, ಬಲೆಯ ಕಣ್ಣು ಎಷ್ಟು, ಜಲಾಶಯದಲ್ಲಿ ನೀರಿನ ಮಟ್ಟ ಎಷ್ಟಿತ್ತು ಅಂತ ಬರೆದುಕೊಳ್ಳುತ್ತೇನೆ. ಕಾಕಾನ ಮೊಮ್ಮಗಳು ಅಳತೆಪಟ್ಟಿ ಹಿಡಿಯುತ್ತಾಳೆ, ಅಂಕಿ ಅವಳೇ ಕೂಗಿ ಹೇಳುತ್ತಾಳೆ. ಜಿಲೇಬಿಗೆ ಬೇರೆ ಪುಟ ಇಟ್ಟಿದ್ದೇವೆ. ಮುಂದಿನ ಮಳೆಗಾಲದಲ್ಲಿ ಮರಿ ಬಿತ್ತನೆ ಶುರುವಾಗುವ ಮೊದಲು ಈ ಪುಟಗಳ ಒಂದು ಪ್ರತಿಯನ್ನು ಮೀನುಗಾರಿಕೆ ಕಚೇರಿಗೆ ಕೊಡುತ್ತೇವೆ, ಕಾಕಾ ಕೂಡ ಜೊತೆಗೆ ಬರುತ್ತೇನೆ ಅಂದಿದ್ದಾರೆ. ಬಸವಸಾಗರ, ಬೆಣ್ಣೆತೊರಾ ಜಲಾಶಯಗಳ ಕಡೆ ಯಾರಾದರೂ ಹೀಗೆ ಅಳೆಯುತ್ತಿದ್ದರೆ ದಯವಿಟ್ಟು ತಿಳಿಸಿ. ಎರಡೂ ಕಡೆಯ ಪುಟಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು.